ಕೆಟ್ಟ ಕಾಲು, ಒಳ್ಳೆಯ ಗಳಿಗೆ

ಮ್ಯಾಡ್ರಿಡ್, ಡಿಸೆಂಬರ್ 23

ಪ್ರೀತಿಯ ಅಮ್ಮನಿಗೆ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಚಳಿ ಬಿಟ್ಟರೆ ಬೇರೆ ದೂರಿಲ್ಲ. ಹೋದ ವಾರ ಫೋನಿನಲ್ಲಿ ನೀನು ಹೇಳಿದ್ದು ಮಾತ್ರ ತಲೆಯಿಂದ ಇಳಿದಿಲ್ಲ. ಅತ್ತಿಗೆಯನ್ನು ಮನೆ ತುಂಬಿಸಿಕೊಂಡ ಮೂರನೆಯ ದಿನ ಬೋರ್‌ವೆಲ್ ಮೋಟಾರು ಸುಟ್ಟಿತು, ದೊಡ್ಡಮ್ಮ ‘ಕಾಲ್ಗುಣ’ ಎಂದರು, ನೀನು ಸುಮ್ಮನಿದ್ದೆ. ಆ ಮೋಟಾರಿಗೆ ಹದಿನಾಲ್ಕು ವರ್ಷವಾಗಿತ್ತು ಎಂದು ಹೇಳುವವರು ಆ ಮನೆಯಲ್ಲಿ ಯಾರೂ ಇರಲಿಲ್ಲವೇ?

ಇಲ್ಲಿನವರ ಮಾತಿನಲ್ಲೂ ಅದೃಷ್ಟ ಕಾಲಿಗೇ ಅಂಟಿಕೊಂಡಿದೆ. ಬಸ್ಸು ಕಣ್ಣೆದುರೇ ಹೊರಟುಹೋದರೆ ‘ಕೆ ಮಾಲಾ ಪಾತಾ’ ಎನ್ನುತ್ತಾರೆ. ಪಾತಾ ಎಂದರೆ ಪ್ರಾಣಿಯ ಕಾಲು, ಮಾಲಾ ಎಂದರೆ ಕೆಟ್ಟದ್ದು. ಹೊಸ ಕೆಲಸ ಚೆನ್ನಾಗಿ ಶುರುವಾದರೆ ‘ಒಳ್ಳೆಯ ಪಾದವಿಟ್ಟು ಒಳಗೆ ಬಂದ’ ಎನ್ನುತ್ತಾರೆ. ಅಕ್ಕಿಯ ಸೇರು ಒದೆಯುವುದೊಂದಿಲ್ಲ, ಅಷ್ಟೆ. ಆದರೆ ಬಸ್ಸು ತಪ್ಪಿದರೆ ಕೆಟ್ಟ ಕಾಲು ತಪ್ಪಿಸಿಕೊಂಡವನದೇ. ಮನೆಗೆ ಬಂದ ಸೊಸೆಯ ಕಾಲನ್ನು ಹುಡುಕಿಕೊಂಡು ಹೋಗುವುದಿಲ್ಲ. ಹಾಗೆಂದು ಇವರೇನು ಸಾಧುಗಳಲ್ಲ. ಹೋದಲ್ಲೆಲ್ಲ ಕೆಡುಕು ತರುವವನಿಗೆ ‘ಗಾಫೆ’ ಎಂಬ ಹೆಸರಿಟ್ಟು ದೂರ ಕೂರಿಸುತ್ತಾರೆ.

ನಿನಗೆ ಇಷ್ಟವಾಗುವ ಸಂಗತಿ ಇನ್ನೊಂದಿದೆ. ಮಂಗಳವಾರ ಹೊಸಿಲು ದಾಟಬೇಡ ಎಂದು ನನ್ನ ಟಿಕೆಟ್ ಬದಲಾಯಿಸಿದ್ದೆಯಲ್ಲ, ಇಲ್ಲಿಯೂ ‘ಮಂಗಳವಾರ ಮದುವೆಯಾಗಬೇಡ, ಹಡಗು ಹತ್ತಬೇಡ’ ಎಂಬ ಗಾದೆ ಇದೆ. ತಾರೀಖು 13 ಆದರಂತೂ ಮುಗಿಯಿತು. ಅವರ ‘ಮಾರ್ತೆಸ್’ ಕೂಡ ಮಂಗಳ ಗ್ರಹದ ಹೆಸರಿನದೇ. ಇದನ್ನು ತಿಳಿದ ದಿನ ನಿನ್ನನ್ನು ನೆನೆದು ಒಬ್ಬಳೇ ನಕ್ಕೆ.

ನನ್ನ ಕೆಲಸ ಕಾಯಂ ಆದಾಗ ಎಲ್ಲರೂ ‘ಎನೊರಾಬ್ವೆನಾ’ ಎಂದು ಕೈಕುಲುಕಿದರು. ಅಭಿನಂದನೆ ಎಂದು ಅರ್ಥ. ಬಿಡಿಸಿ ನೋಡಿದರೆ ‘ಒಳ್ಳೆಯ ಗಳಿಗೆಯಲ್ಲಿ’! ರಾಹುಕಾಲ ನೋಡದೆ ಹಾಲುಕ್ಕಿಸದ ನೀನು ಇಲ್ಲಿದ್ದಿದ್ದರೆ ವಾರದಲ್ಲೇ ಸ್ಪ್ಯಾನಿಷ್ ಕಲಿಯುತ್ತಿದ್ದೆ. ‘ನನಗೆ ಅದೃಷ್ಟವಿದೆ’ ಎನ್ನಲು ಇವರು ಹೇಳುವುದು ‘ತೆಂಗೊ ಸ್ವೆರ್ತೆ’. ಮೊದಲ ಸಲ ಕೇಳಿದಾಗ ತಿಪಟೂರಿನವಳಾದ ನನಗೆ ತೆಂಗು ಎಂದೇ ಕೇಳಿಸಿತು. ನಮ್ಮ ತೋಟದ ಮಟ್ಟಿಗೆ ಅದೇನೂ ತಪ್ಪು ಅರ್ಥವಲ್ಲ.

ನಿನ್ನೆ ಇಲ್ಲಿ ದೊಡ್ಡ ಲಾಟರಿಯ ದಿನ. 1812ರಲ್ಲಿ ಕಾದಿಸ್ ನಗರದಲ್ಲಿ ಶುರುವಾದದ್ದಂತೆ. ಸಾನ್ ಇಲ್ದೆಫೊನ್ಸೊ ಶಾಲೆಯ ಮಕ್ಕಳು ವೇದಿಕೆಯ ಮೇಲೆ ನಿಲ್ಲುತ್ತಾರೆ. ಒಂದು ಮಗು ಗುಂಡಿನ ಮೇಲಿನ ಸಂಖ್ಯೆಯನ್ನು ಹಾಡುತ್ತದೆ, ಇನ್ನೊಂದು ಬಹುಮಾನವನ್ನು ಹಾಡುತ್ತದೆ. ಗಂಟೆಗಟ್ಟಲೆ ಅದೇ ರಾಗ, ಶಾಲೆಯಲ್ಲಿ ನಾವು ಮಗ್ಗಿ ಒಪ್ಪಿಸುತ್ತಿದ್ದ ಹಾಗೆ. ಕಚೇರಿಯಲ್ಲಿ ಯಾರೂ ಕೆಲಸ ಮಾಡಲಿಲ್ಲ. ಒಂದು ಚೀಟಿಗೆ 20 ಯೂರೊ. ನನಗೆ ಕೊಳ್ಳುವ ಮನಸ್ಸಿರಲಿಲ್ಲ. ಆದರೆ ಕಚೇರಿಯವರೆಲ್ಲ ಒಂದೇ ಸಂಖ್ಯೆ ಹಂಚಿಕೊಳ್ಳುತ್ತಾರೆ. ಅದಕ್ಕೇ ಬಹುಮಾನ ಬಂದು ಮರುದಿನ ನಾನೊಬ್ಬಳೇ ಕೆಲಸಕ್ಕೆ ಹೋಗಿ ಕೂರುವುದನ್ನು ಊಹಿಸಿಕೊಂಡೆ, ಕೊಂಡುಬಿಟ್ಟೆ. ಆಸೆಗಿಂತ ಹೊಟ್ಟೆಕಿಚ್ಚಿನ ಭಯಕ್ಕೇ ಇಲ್ಲಿ ಅರ್ಧ ಚೀಟಿಗಳು ಮಾರಾಟವಾಗುತ್ತವೆ ಎಂಬುದು ನನ್ನ ಗುಮಾನಿ.

ಮೊದಲ ಬಹುಮಾನಕ್ಕೆ ‘ಎಲ್ ಗೋರ್ದೊ’, ಅಂದರೆ ಡುಮ್ಮ ಎಂದು ಹೆಸರು. ಒಂದು ಚೀಟಿಗೆ 4 ಲಕ್ಷ ಯೂರೊ, ತೆರಿಗೆ ಕಳೆಯದೆ. ನಮ್ಮಲ್ಲಿ ಲಾಟರಿ ‘ಹೊಡೆಯುತ್ತದೆ’, ಇಲ್ಲಿ ಅದು ಬರೀ ‘ಮುಟ್ಟುತ್ತದೆ’. ಡುಮ್ಮ ನಮ್ಮನ್ನು ಮುಟ್ಟಲಿಲ್ಲ. ನಮ್ಮ ಸಂಖ್ಯೆಯ ಕೊನೆಯ ಅಂಕಿ ಡುಮ್ಮನ ಕೊನೆಯ ಅಂಕಿಗೆ ಹೊಂದಿದ್ದರಿಂದ ಹಾಕಿದ 20 ಯೂರೊ ಮಾತ್ರ ವಾಪಸು ಬರುತ್ತದೆ. ಪಕ್ಕದ ಮೇಜಿನ ಹೆಂಗಸು ಚೀಟಿ ಮಡಿಸುತ್ತಾ ‘ಸಲೂದ್’ ಎಂದರು. ಆರೋಗ್ಯವೊಂದಿದ್ದರೆ ಸಾಕು ಎಂದು ಸೋತವರೆಲ್ಲ ಈ ದಿನ ಹೇಳುವ ಮಾತು. 2007ರಲ್ಲಿ ನಮ್ಮಲ್ಲಿ ಲಾಟರಿ ನಿಂತಾಗ ಅಪ್ಪನ ಮುಖ ಹೇಗಾಗಿತ್ತೋ, ಅವರ ಮುಖವೂ ಹಾಗೆಯೇ ಇತ್ತು.

ಜನವರಿ 6ಕ್ಕೆ ಇನ್ನೊಂದು ಲಾಟರಿ ಇದೆ. ವಾಪಸು ಬಂದ ಹಣದಲ್ಲಿ ಅದನ್ನೇ ಕೊಳ್ಳುತ್ತೇನೆ. ಕೊನೆಯ ಅಂಕಿ ಯಾವುದಿರಬೇಕೆಂದು ಅತ್ತಿಗೆಯನ್ನು ಕೇಳಿ ತಿಳಿಸು. ಅಂಚೆ ತಲುಪುವಷ್ಟರಲ್ಲಿ ದಿನ ಮೀರುತ್ತದೆ, ಆದ್ದರಿಂದ ಈ ಪತ್ರದ ಚಿತ್ರವನ್ನು ಅಣ್ಣನ ಮೊಬೈಲಿಗೆ ಕಳುಹಿಸುತ್ತಿದ್ದೇನೆ. ದೊಡ್ಡಮ್ಮ ಮನೆಯಲ್ಲಿದ್ದಾಗಲೇ ಗಟ್ಟಿಯಾಗಿ ಓದಲು ಹೇಳು.

ಅಪ್ಪನಿಗೆ ನಮಸ್ಕಾರ ತಿಳಿಸು.

ನಿನ್ನ ಮಗಳು