ಬ್ಯಾಡಗಿಯ ತಂಗಿಗೆ: ಓದುಗರು ಎಲ್ಲಿಂದ ಬರುತ್ತಾರೆ?

ಪ್ರೀತಿಯ ತಂಗಿ,

ನಿನ್ನ ಮೆಸೇಜ್ ಓದಿದೆ. ಎರಡು ವರ್ಷದಿಂದ ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಎರಡರಲ್ಲೂ ಬರೆಯುತ್ತಿದ್ದೀಯ. ಫಾಲೋವರ್ಸ್ 600 ದಾಟುತ್ತಿಲ್ಲ. ಯಾರೋ ಒಬ್ಬರು ದುಡ್ಡು ಕೊಟ್ಟರೆ 10 ಸಾವಿರ ಮಾಡಿಕೊಡುತ್ತೇವೆ ಅಂದಿದ್ದಾರೆ, ಕೊಡಲಾ ಬೇಡವಾ ಎಂದು ಕೇಳಿದ್ದೀಯ.

ಕೊಡಬೇಡ. ದುಡ್ಡು ಹೋಗುತ್ತದೆ ಎನ್ನುವುದಕ್ಕಿಂತ ದೊಡ್ಡ ಕಾರಣ ಒಂದಿದೆ. ನೀನು ಹಾಕಿದ ಪೋಸ್ಟ್ ನಿನ್ನ ಫಾಲೋವರ್ಸ್ ಎಲ್ಲರಿಗೂ ಕಾಣುವುದಿಲ್ಲ. ಮೊದಲು ಒಂದಷ್ಟು ಜನರಿಗೆ ಕಾಣುತ್ತದೆ. ಅವರು ನಿಂತು ಓದಿದರಾ, ಏನಾದರೂ ಬರೆದರಾ, ಬೇರೆಯವರಿಗೆ ಕಳಿಸಿದರಾ ಎಂದು ನೋಡಿಕೊಂಡು ಆಪ್ ಅದನ್ನು ಮುಂದಕ್ಕೆ ತೋರಿಸುತ್ತದೆ, ಇಲ್ಲವೇ ಅಲ್ಲಿಗೇ ಬಿಡುತ್ತದೆ. ಕೊಂಡುಕೊಂಡ ಖಾತೆಗಳ ಹಿಂದೆ ಕನ್ನಡ ಓದುವವರು ಇರುವುದಿಲ್ಲ. ಎಷ್ಟೋ ಸಲ ಮನುಷ್ಯರೇ ಇರುವುದಿಲ್ಲ. ಅವರ ಮುಂದೆ ನಿನ್ನ ಕಥೆ ಬಂದು ಸುಮ್ನೆ ದಾಟಿಹೋಗುತ್ತದೆ. ಆಗ ನಿಜವಾಗಿ ಓದುತ್ತಿದ್ದ ಆ 600 ಜನರಿಗೂ ನೀನು ಕಾಣುವುದು ಕಡಿಮೆಯಾಗುತ್ತದೆ. ನನ್ನ ಪರಿಚಯದ ಒಳ್ಳೆಯ ಕವಿಯೊಬ್ಬರ ಪೇಜು ಹೀಗೇ ಮಲಗಿದೆ. ಸಂಖ್ಯೆ ದೊಡ್ಡದಿದೆ, ಕವಿತೆ ಹಾಕಿದರೆ ನಾಲ್ಕು ಜನ ಮಾತಾಡುವುದಿಲ್ಲ.

'ನೀನು ನನಗೆ ಲೈಕ್ ಕೊಡು, ನಾನು ನಿನಗೆ ಕೊಡುತ್ತೇನೆ' ಎನ್ನುವ ವಾಟ್ಸಾಪ್ ಗುಂಪುಗಳಿಗೂ ಹೋಗಬೇಡ. ಅಲ್ಲಿ ಯಾರೂ ಯಾರನ್ನೂ ಓದುವುದಿಲ್ಲ. 'ಸೂಪರ್', 'ಚೆಂದ ಇದೆ ಮೇಡಂ' ಎಂದು ಬರೆದು ಓಡುತ್ತಾರೆ. ಆರು ತಿಂಗಳು ಅಂಥ ಹೊಗಳಿಕೆ ತಿಂದರೆ ಯಾವ ಸಾಲು ಚೆನ್ನಾಗಿದೆ, ಯಾವುದು ಸಪ್ಪೆ ಎಂದು ನಿನಗೇ ಗೊತ್ತಾಗುವುದು ನಿಂತುಹೋಗುತ್ತದೆ. ನನಗೆ ಹೆಚ್ಚು ಭಯ ಇರುವುದು ಅದರ ಬಗ್ಗೆ.

ನಿನ್ನ ಪೇಜನ್ನು ಕೆಳಗಿನಿಂದ ಮೇಲಿನವರೆಗೆ ಓದಿದೆ. ಜಾಸ್ತಿ ಇರುವುದು ಮಳೆ, ಒಂಟಿತನ, ಮುರಿದ ಪ್ರೀತಿಯ ನಾಲ್ಕು ಸಾಲುಗಳು. ಹಿಂದೆ ಮೋಡದ ಚಿತ್ರ, ಮುಂದೆ ಬಿಳಿ ಅಕ್ಷರ. ಕೆಟ್ಟದಾಗಿಲ್ಲ. ಆದರೆ ಅದನ್ನು ಬೆಂಗಳೂರಿನವರೂ ಬರೆಯುತ್ತಾರೆ, ಮಂಗಳೂರಿನವರೂ ಬರೆಯುತ್ತಾರೆ. ಕೆಳಗಿನ ಹೆಸರು ಅಳಿಸಿದರೆ ಯಾರದೆಂದು ಹೇಳಲು ಬರುವುದಿಲ್ಲ. ಓದಿದವರು ಹಾರ್ಟ್ ಒತ್ತುತ್ತಾರೆ, ಯಾರು ಬರೆದದ್ದು ಎಂದು ನೋಡುವುದಿಲ್ಲ.

ಆಮೇಲೆ ಮೆಣಸಿನಕಾಯಿ ಮಾರುಕಟ್ಟೆಯ ಬಗ್ಗೆ ಬರೆದದ್ದು ಸಿಕ್ಕಿತು. ಕಡ್ಡಿ, ಡಬ್ಬಿ ಎನ್ನುವ ಎರಡು ಬಗೆಯ ಮೆಣಸಿನಕಾಯಿಗಳ ವ್ಯತ್ಯಾಸವನ್ನು ನಿನ್ನ ಅವ್ವ ಮುಟ್ಟಿಯೇ ಹೇಳುತ್ತಾಳೆ ಎಂದು ಬರೆದಿದ್ದೀಯಲ್ಲ, ಅದು. ತೊಟ್ಟು ಬಿಡಿಸುವ ಹೆಂಗಸರು ಸಂಜೆ ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳುವ ಮುಂಚೆ ಕೈಗೆ ಎಣ್ಣೆ ಸವರಿ ತೊಳೆದುಕೊಳ್ಳುವುದು, ಆದರೂ ಉರಿ ಹೋಗದೆ ಇರುವುದು. ಅದಕ್ಕೆ ಬಂದ ಲೈಕು ನಿನ್ನ ಮಳೆಯ ಸಾಲುಗಳಿಗಿಂತ ಕಡಿಮೆ. ಆದರೆ ಕಾಮೆಂಟುಗಳನ್ನು ನೋಡು. ಒಬ್ಬರು ತಮ್ಮ ಅಜ್ಜಿಯ ಕೈ ನೆನಪಿಸಿಕೊಂಡಿದ್ದಾರೆ. ಮಸ್ಕತ್‌ನಲ್ಲಿರುವ ಒಬ್ಬರು 'ನಮ್ಮ ಮನೆಯ ಮೆಣಸಿನಕಾಯಿ ಪ್ಯಾಕೆಟ್ ಮೇಲೆ ಬ್ಯಾಡಗಿ ಅಂತ ಇದೆ, ಖಾರ ಕಡಿಮೆ ಬಣ್ಣ ಜಾಸ್ತಿ ಯಾಕೆ?' ಎಂದು ಕೇಳಿದ್ದಾರೆ. ಇನ್ನೊಬ್ಬರು ಬರೀ 'ಆಮೇಲೆ?' ಎಂದು ಬರೆದಿದ್ದಾರೆ. ತಂಗಿ, ಓದುಗರು ಎಂದರೆ ಇವರು. ನಿನಗೆ ಈಗಾಗಲೇ ಸಿಕ್ಕಿದ್ದಾರೆ. ನೀನು ಅವರನ್ನು ಬಿಟ್ಟು ಮತ್ತೆ ಮೋಡದ ಚಿತ್ರಕ್ಕೆ ಹೋಗಿದ್ದೀಯ.

ನಿನ್ನ ಊರಿನಲ್ಲಿ ಎಷ್ಟು ಇದೆ ನೋಡು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲೇ ಜಿಐ, ಅಂದರೆ ಊರಿನ ಹೆಸರಿನ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅದರ ಕೆಂಪು ಬಣ್ಣವನ್ನು ಓಲಿಯೋರೆಸಿನ್ ಎನ್ನುವ ಎಣ್ಣೆಯಂಥ ಸಾರವಾಗಿ ತೆಗೆಯುತ್ತಾರೆ, ಅದು ಊಟಕ್ಕೂ ಹೋಗುತ್ತದೆ, ಲಿಪ್‌ಸ್ಟಿಕ್‌ಗೂ ಹೋಗುತ್ತದೆ. ಆ ಬಣ್ಣ ಹಚ್ಚಿಕೊಂಡವರಿಗೆ ತೊಟ್ಟು ಬಿಡಿಸಿದ ಕೈ ಗೊತ್ತಿಲ್ಲ. ಆ ಕೈ ನಿನಗೆ ಗೊತ್ತು. ದಲಾಲಿ ಅಂಗಡಿ, ಹಮಾಲರು, ಟೆಂಡರ್ ದಿನದ ಗದ್ದಲ, ರೇಟು ಬಿದ್ದ ದಿನ ಚಹದ ಅಂಗಡಿಯಲ್ಲಿ ನಡೆಯುವ ಮಾತು. ಇದನ್ನೆಲ್ಲ ಒಳಗಿನಿಂದ ಕಂಡ, ಬರೆಯಲೂ ಬರುವ ಜನ ಕಡಿಮೆ. ಒಂದು ವರ್ಷ ಇದನ್ನೇ ಬರೆ. ಬೇರೆ ಏನೂ ಬೇಡ ಅನ್ನುತ್ತಿಲ್ಲ, ಪ್ರೀತಿಯನ್ನೂ ಬರೆ. ಆ ಪ್ರೀತಿಯೂ ಮಾರುಕಟ್ಟೆಯ ಹಿಂದಿನ ಓಣಿಯಲ್ಲೇ ನಡೆಯಲಿ. ವಾರಕ್ಕೆ ಒಂದು ಸಾಕು, ದಿನ ಮಾತ್ರ ಬದಲಾಯಿಸಬೇಡ. ಶನಿವಾರ ಎಂದರೆ ಶನಿವಾರ. ದಿನಕ್ಕೆ ಮೂರು ಹಾಕು ಎಂದು ಹೇಳುವವರು ಬಹಳ ಜನ ಸಿಗುತ್ತಾರೆ. ದಿನಕ್ಕೆ ಮೂರು ಒಳ್ಳೆಯದನ್ನು ಯಾರಿಗೂ ಬರೆಯಲು ಆಗುವುದಿಲ್ಲ.

ಒಂದು ಎಚ್ಚರಿಕೆ. 2024ರ ಮಾರ್ಚ್‌ನಲ್ಲಿ ಬೆಲೆ ಕುಸಿದು ನಿಮ್ಮ ಮಾರುಕಟ್ಟೆಯಲ್ಲಿ ಗಲಾಟೆ ಆಯಿತಲ್ಲ, ವಾಹನಗಳಿಗೆ ಬೆಂಕಿ ಬಿತ್ತಲ್ಲ, ಅಂಥ ದಿನ ಸಿಟ್ಟಿನ ಒಂದು ಪೋಸ್ಟ್ ಹಾಕಿದರೆ ರಾತ್ರೋರಾತ್ರಿ ಸಾವಿರಾರು ಜನ ಹಂಚುತ್ತಾರೆ. ಬರೆಯಬೇಡ ಎನ್ನುವುದಿಲ್ಲ. ಕಂಡದ್ದನ್ನು ಬರೆಯಲೇಬೇಕು. ಆದರೆ ಆ ದಿನ ಬಂದ ಜನ ಜಗಳಕ್ಕೆ ಬಂದವರು. ಮಾರನೇ ವಾರ ನೀನು ಅವ್ವನ ಬಗ್ಗೆ ಬರೆದರೆ ಅವರು ಇರುವುದಿಲ್ಲ. ಅವರನ್ನು ಹಿಡಿದಿಟ್ಟುಕೊಳ್ಳಲು ವಾರವಾರ ಹೊಸ ಜಗಳ ಹುಡುಕುತ್ತಾ ಹೋಗಿ ಒಳ್ಳೆಯ ಬರಹಗಾರರು ಹಾಳಾದದ್ದನ್ನು ಕಂಡಿದ್ದೇನೆ. ನೀನು ಗಲಾಟೆ ಮುಗಿದ ಮೇಲಿನ ದಿನಗಳನ್ನು ಬರೆ. ಮಾರುಕಟ್ಟೆ ನಿಂತರೆ ದಿನಗೂಲಿಯವರು ಆ ವಾರ ಸಂತೆ ಹೇಗೆ ಮಾಡಿದರು? ಪೇಪರ್‌ನವರು ಹೊರಟುಹೋದ ಮೇಲೆ ಅದನ್ನು ಕೇಳುವವರು ನೀನೊಬ್ಬಳೇ. ಮತ್ತೆ, ಆ ಹೆಂಗಸರ ಫೋಟೋ ಹಾಕುವ ಮುಂಚೆ ಅವರನ್ನು ಕೇಳು. ಬರೆದದ್ದನ್ನು ಓದಿ ಹೇಳು. ಅವರು ಬೇಡ ಎಂದರೆ ಬೇಡ.

ಈಗ ಕೈಕೆಲಸದ ಮಾತು. ಫೋನಿನಲ್ಲಿ ಮೊದಲ ಎರಡು ಸಾಲು ಮಾತ್ರ ಕಾಣುತ್ತದೆ. ಉಳಿದದ್ದು ನೋಡಲು ಒತ್ತಬೇಕು. ನೀನು ಆ ಜಾಗವನ್ನು 'ಎಲ್ಲರಿಗೂ ಶುಭೋದಯ, ಬಹಳ ದಿನದ ನಂತರ ಒಂದು ಪುಟ್ಟ ಪ್ರಯತ್ನ' ಎಂದು ಕಳೆಯುತ್ತೀಯ. 'ಮೆಣಸಿನಕಾಯಿ ಬಿಡಿಸಿದ ಕೈಯಲ್ಲಿ ಅವ್ವ ನನ್ನನ್ನು ಮುಟ್ಟುತ್ತಿರಲಿಲ್ಲ' ಎಂಬ ಸಾಲು ನಿನ್ನ ಬರಹದ ನಡುವೆ ಎಲ್ಲೋ ಹೂತುಹೋಗಿತ್ತು. ಅದು ಮೊದಲು ಬರಬೇಕಿತ್ತು. ಬರಹವನ್ನು ಬರೀ ಚಿತ್ರ ಮಾಡಿ ಹಾಕಬೇಡ. ಕೆಳಗೆ ಯೂನಿಕೋಡ್ ಕನ್ನಡದಲ್ಲಿ, ಅಂದರೆ ಫೋನಿನಲ್ಲಿ ಟೈಪ್ ಮಾಡುವ ಅಕ್ಷರದಲ್ಲೇ, ಪೂರ್ತಿ ಹಾಕು. ಹುಡುಕಿದವರಿಗೆ ಸಿಗುತ್ತದೆ, ಕಣ್ಣು ಕಾಣದವರ ಫೋನು ಅದನ್ನು ಓದಿ ಹೇಳುತ್ತದೆ. ಇನ್‌ಸ್ಟಾಗ್ರಾಂನಲ್ಲಿ ಕ್ಯಾಪ್ಷನ್‌ಗೆ 2,200 ಅಕ್ಷರಗಳ ಮಿತಿ ಇದೆ. ಕನ್ನಡದಲ್ಲಿ ಕಾಗುಣಿತ, ಒತ್ತು ಎಲ್ಲ ಬೇರೆಬೇರೆ ಎಣಿಕೆಯಾಗುವುದರಿಂದ ಅದು ಬೇಗ ಮುಗಿಯುತ್ತದೆ. ಉದ್ದದ ಕಥೆ ಇದ್ದರೆ ಫೇಸ್‌ಬುಕ್‌ನಲ್ಲಿ ಹಾಕು. ಚಿತ್ರ ಮಾಡಿದರೆ ಅದರೊಳಗೇ ಹೆಸರು ಬರೆ. ನಮ್ಮ ಕಡೆ ವಾಟ್ಸಾಪ್‌ಗೆ ಹೋದ ಬರಹ ಎರಡೇ ದಿನದಲ್ಲಿ 'ಕೃಪೆ: ವಾಟ್ಸಾಪ್' ಆಗುತ್ತದೆ, ಬರೆದವರ ಹೆಸರು ಹೋಗುತ್ತದೆ. ಹ್ಯಾಷ್‌ಟ್ಯಾಗ್ ಎರಡು ಮೂರು ಇದ್ದರೆ ಸಾಕು, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ.

ರೀಲ್ಸ್ ಮಾಡಲಾ ಎಂದು ಕೇಳಿದ್ದೀಯ. ಮಾಡು, ಕುಣಿಯಬೇಕಾಗಿಲ್ಲ. ನಿನ್ನ ದನಿಯಲ್ಲಿ ಓದು. ಹಾವೇರಿ ಕಡೆಯ ಮಾತನ್ನು ತಿದ್ದಬೇಡ. ಅಮೆರಿಕದಲ್ಲೋ ದುಬೈನಲ್ಲೋ ಬೆಳೆದ ಕನ್ನಡದ ಮಕ್ಕಳಿದ್ದಾರೆ, ಮುಂಬೈ ಪುಣೆಯಲ್ಲಿ ಓದಿದವರಿದ್ದಾರೆ. ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಅಕ್ಷರ ಬರುವುದಿಲ್ಲ. ಬರಹ ಅವರನ್ನು ಮುಟ್ಟುವುದಿಲ್ಲ, ದನಿ ಮುಟ್ಟುತ್ತದೆ. ನಿಮ್ಮ ಓಣಿಯಲ್ಲೇ ಓದಲು ಬಾರದ ಅಜ್ಜಿಯರಿಗೂ ಅಷ್ಟೇ.

ಇದಕ್ಕಿಂತ ದೊಡ್ಡ ಕೆಲಸ ಇರುವುದು ಕಾಮೆಂಟಿನಲ್ಲಿ. ಮೊದಲ ಸಾವಿರ ಓದುಗರವರೆಗೆ ಪ್ರತಿಯೊಬ್ಬರಿಗೂ ಉತ್ತರ ಬರೆ. ಥ್ಯಾಂಕ್ಯೂ ಅಲ್ಲ, ಉತ್ತರ. ಅಜ್ಜಿಯನ್ನು ನೆನಪಿಸಿಕೊಂಡವರಿಗೆ ಅಜ್ಜಿ ಯಾವ ಊರಿನವರು ಎಂದು ಕೇಳು. ಅವರು ನಾಲ್ಕು ಸಾಲು ಬರೆಯುತ್ತಾರೆ, ಅದನ್ನು ಓದಿ ಇನ್ನೊಬ್ಬರು ಬರೆಯುತ್ತಾರೆ. ನಿನ್ನ ಮುಂದಿನ ಕಥೆ ಅಲ್ಲೇ ಸಿಗಬಹುದು. ಹಾಗೇ ನೀನೂ ಬೇರೆಯವರನ್ನು ಓದು. ನಿನ್ನ ವಯಸ್ಸಿನವರು, ನಿನ್ನ ಜಿಲ್ಲೆಯವರು, ಬೇರೆ ಮಾರುಕಟ್ಟೆಗಳ ಬಗ್ಗೆ ಬರೆಯುವವರು ಇದ್ದಾರೆ. ಅವರ ಬರಹದಲ್ಲಿ ನಿನಗೆ ಹಿಡಿಸಿದ ಸಾಲು ಯಾವುದು, ಯಾಕೆ ಎಂದು ಅಲ್ಲಿ ಹೋಗಿ ಬರೆ. 'ನನ್ನ ಪೇಜನ್ನೂ ನೋಡಿ' ಎಂದು ಸೇರಿಸಬೇಡ. ಒಳ್ಳೆಯ ಮಾತು ಬರೆದವರು ಯಾರು ಎಂದು ಜನ ತಾವೇ ಹುಡುಕಿಕೊಂಡು ಬರುತ್ತಾರೆ. 50 ಜನ ಹಿರಿಯ ಸಾಹಿತಿಗಳನ್ನು ಟ್ಯಾಗ್ ಮಾಡುವುದನ್ನು ಇವತ್ತೇ ನಿಲ್ಲಿಸು. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಟ್ಯಾಗ್ ಮಾಡಿದ್ದಕ್ಕೆ ಬಂದ ಲೈಕು ಮುಲಾಜಿನದು.

ಹೆಣ್ಣುಮಕ್ಕಳಿಗೆ ಇನ್‌ಬಾಕ್ಸಿನ ಕಾಟ ಬೇರೆ. ಎಲ್ಲ ಓದುಗರಿಗೂ ಉತ್ತರ ಕೊಡು ಎಂದದ್ದು ಬರಹದ ಕೆಳಗೆ, ಎಲ್ಲರ ಮುಂದೆ ನಡೆಯುವ ಮಾತಿಗೆ ಮಾತ್ರ. ಖಾಸಗಿಯಾಗಿ ಬರುವ 'ಊಟ ಆಯ್ತಾ' ಮೆಸೇಜಿಗೆ ನೀನು ಉತ್ತರ ಕೊಡಬೇಕಾಗಿಲ್ಲ. ಬ್ಲಾಕ್ ಮಾಡುವುದು ಸೊಕ್ಕಲ್ಲ. ಸೆಟ್ಟಿಂಗ್ಸ್‌ನಲ್ಲಿ ಬೇಡದ ಪದಗಳನ್ನು ಹಾಕಿಟ್ಟರೆ ಅವು ಇರುವ ಕಾಮೆಂಟುಗಳು ತಾವೇ ಮರೆಯಾಗುತ್ತವೆ. ಕನ್ನಡದ ಬೈಗುಳಗಳನ್ನು ನೀನೇ ಟೈಪ್ ಮಾಡಿ ಸೇರಿಸು. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಬೈಗುಳಗಳನ್ನೂ ಸೇರಿಸು.

ಇನ್ನೊಂದು ವಿಷಯ ಯಾರೂ ನಿನಗೆ ಹೇಳಿರಲಾರರು. ಈ ಆಪ್‌ಗಳು ನಮ್ಮವಲ್ಲ. ಗೂಗಲ್‌ನ ಆರ್ಕುಟ್ ಎಂಬ ಜಾಲತಾಣ 2014ರಲ್ಲಿ ಮುಚ್ಚಿತು. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು. ಲಕ್ಷಗಟ್ಟಲೆ ಫಾಲೋವರ್ಸ್ ಇದ್ದ ಹಳ್ಳಿಯ ಹುಡುಗ ಹುಡುಗಿಯರಿಗೆ ಅವರನ್ನು ಮತ್ತೆ ತಲುಪಲು ದಾರಿಯೇ ಉಳಿಯಲಿಲ್ಲ. ಟ್ವಿಟರ್‌ನಂಥ 'ಕೂ' ಆಪ್ ಬೆಂಗಳೂರಿನದು, 2020ರಲ್ಲಿ ಮೊದಲು ಬಂದದ್ದೇ ಕನ್ನಡದಲ್ಲಿ. 2024ರ ಜುಲೈನಲ್ಲಿ ಅದೂ ನಿಂತಿತು. ಅದಕ್ಕೇ ಓದುಗರನ್ನು ತಲುಪುವ ಒಂದು ದಾರಿ ನಿನ್ನ ಕೈಯಲ್ಲಿ ಇರಲಿ. 'ಪ್ರತಿ ಶನಿವಾರ ಕಥೆ ನೇರವಾಗಿ ಬೇಕಾದವರು ಇಮೇಲ್ ವಿಳಾಸ ಕಳಿಸಿ' ಎಂದು ತಿಂಗಳಿಗೊಮ್ಮೆ ಕೇಳು. ಇಮೇಲ್ ಬಳಸದವರು ನಮ್ಮಲ್ಲಿ ಜಾಸ್ತಿ, ಅವರಿಗೆ ವಾಟ್ಸಾಪ್. ಒಂದೇ ಮೆಸೇಜನ್ನು ಎಲ್ಲರಿಗೂ ಬೇರೆಬೇರೆಯಾಗಿ ಕಳಿಸುವ ಬ್ರಾಡ್‌ಕಾಸ್ಟ್ ಲಿಸ್ಟ್‌ನಲ್ಲಿ 256 ಜನರಿಗೆ ಜಾಗ. ಅವರು ನಿನ್ನ ನಂಬರ್ ಸೇವ್ ಮಾಡಿಕೊಂಡಿದ್ದರೆ ಮಾತ್ರ ಮೆಸೇಜ್ ಹೋಗುತ್ತದೆ. ಅದಕ್ಕೆ ಬೇರೆ ಸಿಮ್ ಇಟ್ಟುಕೋ, ಮನೆಯ ನಂಬರ್ ಬೇಡ. ವಾಟ್ಸಾಪ್ ಚಾನೆಲ್‌ನಲ್ಲಿ ನಂಬರ್ ಯಾರಿಗೂ ಕಾಣುವುದಿಲ್ಲ, ಅದು ಅನುಕೂಲ. ಆದರೆ ಅಲ್ಲಿ ಹೆಚ್ಚು ಮಾತುಕತೆ ನಡೆಯುವುದಿಲ್ಲ, ಅದು ಕೊರತೆ.

ಇದೆಲ್ಲ ಹೊಸದು ಅಂದುಕೊಳ್ಳಬೇಡ. ನಿನ್ನ ಹಾವೇರಿ ಜಿಲ್ಲೆಯವರೇ ಗಳಗನಾಥರು. ಕನ್ನಡಕ್ಕೆ ಕಾದಂಬರಿ ಓದುವವರನ್ನು ಹುಟ್ಟಿಸಿದವರಲ್ಲಿ ಮೊದಲಿಗರು. ತಮ್ಮ ಪುಸ್ತಕ ತಾವೇ ಹೊತ್ತು ಊರೂರು ತಿರುಗಿ, ಮನೆಬಾಗಿಲಿಗೆ ಹೋಗಿ ಮಾರಿದರು. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನ ಕಟ್ಟಿದ್ದು ಚಂದಾದಾರರನ್ನು ನಂಬಿಕೊಂಡು. ಲಂಕೇಶರ ವಾರಪತ್ರಿಕೆ 1980ರಿಂದ ಜಾಹೀರಾತು ಇಲ್ಲದೆ ನಡೆದದ್ದು ಓದುಗರು ಕೊಟ್ಟ ಕಾಸಿನಿಂದ. ಇವತ್ತಿಗೂ ಹೊಸಬರ ಕನ್ನಡ ಪುಸ್ತಕ ಸಾವಿರ ಪ್ರತಿ ಅಚ್ಚಾದರೆ ಪ್ರಕಾಶಕರು ಧೈರ್ಯ ಮಾಡಿದ್ದಾರೆ ಅನ್ನುತ್ತೇವೆ. ನಿನ್ನ 600ರಲ್ಲಿ 200 ಜನ ನಿಜವಾಗಿ ಓದುತ್ತಿದ್ದರೆ ಅದು ಸಣ್ಣ ಸಂಖ್ಯೆ ಅಲ್ಲ. ಆ 200 ಜನರ ಹೆಸರು ನಿನಗೆ ಗೊತ್ತಿರಬೇಕು, ಅಷ್ಟೇ. ಒಂದು ನೋಟ್‌ಬುಕ್ ಇಟ್ಟು ಬರೆದುಕೋ: ಯಾರು, ಯಾವ ಊರು, ಯಾವ ಬರಹಕ್ಕೆ ಬಂದರು, ಏನು ಕೇಳಿದರು. ಲೈಕಿನ ಲೆಕ್ಕ ಅದರಲ್ಲಿ ಬೇಡ. ಪರಿಚಯವೇ ಇಲ್ಲದ ಒಬ್ಬರು ಎರಡನೇ ಸಲ ಬಂದು ಮಾತಾಡಿದರೆ ಆ ಹೆಸರಿನ ಕೆಳಗೆ ಗೆರೆ ಎಳೆ. ತಿಂಗಳ ಕೊನೆಗೆ ಗೆರೆ ಎಳೆದ ಹೆಸರುಗಳು ಹೆಚ್ಚಾಗಿದ್ದರೆ ನೀನು ಬೆಳೆಯುತ್ತಿದ್ದೀಯ, ಆಪ್ ಏನೇ ಹೇಳಲಿ.

ಮುಂದೆ ಪುಸ್ತಕ ಬಂದು ಹಾವೇರಿಯಲ್ಲಿ ಬಿಡುಗಡೆ ಇಟ್ಟರೆ, ಆಗ ಬೇಕಾದರೆ ಸ್ವಲ್ಪ ದುಡ್ಡು ಹಾಕಿ ಆ ಒಂದು ಪೋಸ್ಟನ್ನು ಹಾವೇರಿ, ರಾಣೆಬೆನ್ನೂರು, ಹುಬ್ಬಳ್ಳಿಯ ಜನರಿಗೆ ಬೂಸ್ಟ್ ಮಾಡು. ಹೇಳಲು ಸುದ್ದಿ ಇದ್ದಾಗ ಅದಕ್ಕೆ ಅರ್ಥ ಇದೆ. ಈಗ ಬೇಡ.

ಈ ಶನಿವಾರಕ್ಕೆ ಅವ್ವನ ಬಗ್ಗೆ ಮುಂದಿನ ಕಂತು ಬರೆ, ಹಾಕುವ ಮುಂಚೆ ನನಗೆ ಕಳಿಸು, ನೋಡಿ ಕೊಡುತ್ತೇನೆ. ಮಸ್ಕತ್‌ನವರ ಪ್ರಶ್ನೆಗೆ ನೀನು ಇನ್ನೂ ಉತ್ತರ ಕೊಟ್ಟಿಲ್ಲ. ಖಾರ ಯಾಕೆ ಕಡಿಮೆ ಎಂದು ದಲಾಲಿ ಅಂಗಡಿಯ ಹಿರಿಯರನ್ನು ಕೇಳಿ, ಅವರು ಹೇಳಿದ ಮಾತಿನಲ್ಲೇ ಇವತ್ತು ಬರೆದು ಹಾಕು.

ನಿನ್ನ ಒಳಿತು ಬಯಸುವ,
ಅಣ್ಣ