ಎಳ್ಳು ಅರೆಯುವ ವಿಚಾರವಾಗಿ ಪ್ರಳಯಾಂತಕನಿಗೆ

ಪ್ರಿಯ ಪ್ರಳಯಾಂತಕ,

ನಾಲ್ಕು ಜನರೆದುರು ಬರೆಯುತ್ತಿದ್ದೇನೆಂದು ಮುನಿಸಿಕೊಳ್ಳಬೇಡ. ನಿನಗೊಬ್ಬನಿಗೇ ಬರೆದರೆ ಹೆಬ್ಬೆರಳಿನ ಗುರುತೊಂದನ್ನು ಒತ್ತಿ ಕೈ ತೊಳೆದುಕೊಳ್ಳುತ್ತೀಯ. ಎಲ್ಲರೂ ನೋಡುತ್ತಿದ್ದರೆ ಮಾನಕ್ಕೆ ಅಂಜಿಯಾದರೂ ಎರಡು ಸಾಲು ಗೀಚಬಹುದೆಂಬ ಆಸೆ. ಛತ್ರಿಯ ವಿಷಯ ಇಲ್ಲಿ ಎತ್ತುವುದಿಲ್ಲ. ಸೇನಾಪತಿಗಳು ಓದುತ್ತಿರುವ ಸಾಧ್ಯತೆಯಿದೆ.

ನೀನು ಓಸಾಕಾದಿಂದ ಕಳಿಸಿದ ಸುರಿಬಾಚಿಯಲ್ಲಿ, ಅಂದರೆ ಆ ಜಪಾನಿ ಅರೆಯುವ ಬಟ್ಟಲಿನಲ್ಲಿ, ಕೊನೆಗೂ ಎಳ್ಳಿನ ಡ್ರೆಸ್ಸಿಂಗ್ ಮಾಡಿದೆ. ಚೆನ್ನಾಗಿಯೇ ಬಂತು. ಕೆಟ್ಟಿತೆಂದು ಬರೆದಿದ್ದರೆ ನಿನಗೆ ಇನ್ನಷ್ಟು ಖುಷಿಯಾಗುತ್ತಿತ್ತು, ಬಲ್ಲೆ. ಆ ಭಾಗ್ಯ ನಿನಗಿಲ್ಲ.

ಹುರಿಯುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹುರಿದದ್ದೇ ಪೊಟ್ಟಣದಲ್ಲಿ ಸಿಕ್ಕರೂ ಇನ್ನೊಮ್ಮೆ ಒಣ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಬೇಕು. ಎರಡು ಮೂರು ಕಾಳು ಚಟಕ್ಕೆಂದು ಹಾರಿದ ಕೂಡಲೇ ಬೇರೆ ತಟ್ಟೆಗೆ ಸುರಿದುಬಿಡಬೇಕು. ಬಾಣಲೆಯಲ್ಲೇ ಬಿಟ್ಟರೆ ಅದರ ಕಾವಿಗೇ ಕಂದಿ ಕಹಿಯಾಗುತ್ತದೆ, ಆಮೇಲೆ ಎಷ್ಟು ಸಕ್ಕರೆ ಸುರಿದರೂ ಆ ಕಹಿ ಹೋಗುವುದಿಲ್ಲ.

ಆದರೆ ಅರೆಯುವುದಿದೆಯಲ್ಲ, ಅಲ್ಲಿ ನಾನು ಸಿಕ್ಕಿಬಿದ್ದೆ. ಸುರಿಬಾಚಿಯ ಹೊರಮೈಗೆ ಹೊಳಪು, ಒಳಮೈಗೆ ಮೆರುಗಿಲ್ಲ. ಸುಡುವ ಮೊದಲೇ ಹಸಿಮಣ್ಣಿನ ಮೇಲೆ ಬಾಚಣಿಗೆಯಾಡಿಸಿ ಎಳೆದ ಸಾಲು ಸಾಲು ಗೀರುಗಳು ಅಲ್ಲಿವೆ. ಕಲ್ಲಿನ ಗುಂಡು ಆ ಗೀರುಗಳನ್ನು ಸವೆಸುತ್ತದೆಂದು ಅದರ ಜೊತೆಗೆ ಬರುವುದು ಮರದ ಕೋಲು, ಸುರಿಕೊಗಿ. ಸಂಶೋ ಮರದ್ದಾದರೆ ಶ್ರೇಷ್ಠವಂತೆ. ನೀನು ಕಳಿಸಿದ್ದು ಯಾವ ಮರದ್ದೆಂದು ಕೇಳಿ ನಿನ್ನನ್ನು ಮುಜುಗರಕ್ಕೆ ಸಿಲುಕಿಸುವುದಿಲ್ಲ. ಬಟ್ಟಲು ಜಾರದಂತೆ ಅಡಿಗೆ ಒದ್ದೆ ಬಟ್ಟೆ ಹಾಸಿ, ಒಂದು ಅಂಗೈಯನ್ನು ಕೋಲಿನ ತುದಿಯ ಮೇಲೆ ಊರಿ, ಇನ್ನೊಂದು ಕೈಯಿಂದ ಕೆಳಗೆ ಹಿಡಿದು ತಿರುಗಿಸಬೇಕು. ಕುಟ್ಟುವ ಕೆಲಸವೇ ಇಲ್ಲ.

ಮೊದಮೊದಲು ಎಳ್ಳು ಮಾತು ಕೇಳುವುದಿಲ್ಲ. ಗೀರುಗಳ ಮೇಲೆ ಉರುಳಿ, ಅಂಚಿನವರೆಗೆ ಏರಿ, ಹೊರಗೆ ನೆಗೆಯುತ್ತದೆ. ಆಮೇಲೆ ಸದ್ದು ಬದಲಾಗುತ್ತದೆ. ಕರಕರ ಎನ್ನುತ್ತಿದ್ದದ್ದು ಸರಸರ ಎನ್ನತೊಡಗುತ್ತದೆ. ಸಿಪ್ಪೆ ಒಡೆದು ಒಳಗಿನ ಎಣ್ಣೆ ಬಿಟ್ಟುಕೊಂಡಿತೆಂದು ಅರ್ಥ. ಎಳ್ಳಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ. ಪುಡಿ ಗೋಡೆಗೆ ಮೆತ್ತಿಕೊಂಡು ಬೆರಳಿಗೆ ತೇವ ತಾಗುವಾಗ ಕೈ ತಡೆಯಬೇಕು. ಏಳು ಪಾಲು ಪುಡಿ, ಮೂರು ಪಾಲು ಇನ್ನೂ ಕಾಳು. ನುಣ್ಣಗೆ ಅರೆದರೆ ನಾಲಿಗೆಗೆ ಮಾಡಲು ಏನೂ ಉಳಿಯುವುದಿಲ್ಲ. ಇಲ್ಲ, ಪೂರ್ತಿ ಅರೆಯಬೇಕು ಎನ್ನುತ್ತೀಯ ನೀನು. ತಪ್ಪು. ಆ ನುಣ್ಣನೆಯ ಎಳ್ಳು ಪೇಸ್ಟ್, ನೆರಿಗೊಮಾ, ಬೇರೆಯದೇ ಸಾಮಾನು. ಅದಕ್ಕೆ ಚೂರು ನೀರು ಬಿದ್ದರೆ ತೆಳುವಾಗುವ ಬದಲು ಗಟ್ಟಿಯಾಗಿ ಮುಷ್ಟಿ ಕಟ್ಟುತ್ತದೆ. ಹೆದರದೆ ಇನ್ನಷ್ಟು ನೀರು ಹಾಕುತ್ತಾ ಕಲಸಿದರೆ ಮಾತ್ರ ಬಿಳಿಚಿಕೊಂಡು ಸಡಿಲವಾಗುತ್ತದೆ. ನಿನ್ನ ಸ್ವಭಾವಕ್ಕೆ ಅದೇ ಸರಿ.

ಇನ್ನು ಮೇಯನೇಸ್. ಅದನ್ನು ಹಾಕಿದರೆ ಜಪಾನಿನದೇ ಅಲ್ಲ ಎಂಬ ನಿನ್ನ ಹಳೆಯ ಹಟಕ್ಕೆ ಎಲ್ಲರ ಮುಂದೆ ಉತ್ತರ ಕೊಡುತ್ತೇನೆ. ಕ್ಯೂಪಿ ಕಂಪನಿ ಅಲ್ಲಿ ಮೇಯನೇಸ್ ಮಾರಲು ಶುರು ಮಾಡಿದ್ದು 1925ರಲ್ಲಿ. ಮೊಟ್ಟೆಯ ಬಿಳಿಭಾಗ ಬಿಟ್ಟು ಹಳದಿಯನ್ನಷ್ಟೇ ಹಾಕುವ ಅದರ ರೀತಿ ಅಲ್ಲಿಯ ನಾಲಿಗೆಗೆ ಎಂದೋ ಒಗ್ಗಿದೆ. ಪಾಲಕ್ ಬೇಯಿಸಿ ಹಿಂಡಿ ಎಳ್ಳು, ಸೋಯಾ ಸಾಸ್, ಸಕ್ಕರೆಯಲ್ಲಿ ಕಲಸುವ ಗೊಮಾಆಎಗೆ ಮೇಯನೇಸ್ ಹಾಕು ಎಂದು ನಾನು ಎಲ್ಲಿಯೂ ಹೇಳಿಲ್ಲ. ಹಸಿ ಎಲೆಕೋಸಿನ ಮೇಲೆ ಸುರಿಯುವ ಕೆನೆಯಂಥ ಡ್ರೆಸ್ಸಿಂಗ್‌ನ ಮಾತು ಬೇರೆ. ಅಷ್ಟಕ್ಕೂ ಎಳ್ಳೇ ಅಲ್ಲಿಯದಲ್ಲವಲ್ಲ! ಕಗೋಶಿಮಾದ ಕಿಕಾಯಿ ದ್ವೀಪದಂಥ ಕಡೆ ಒಂದಿಷ್ಟು ಬೆಳೆಯುತ್ತಾರೆ, ಅಷ್ಟೇ. ಜಪಾನ್ ತಿನ್ನುವ ಎಳ್ಳು ಬಹುಪಾಲು ಹಡಗಿನಲ್ಲಿ ಬರುತ್ತದೆ, ನೈಜೀರಿಯಾ, ತಾಂಜಾನಿಯಾ ಅಂಥ ದೂರದ ದೇಶಗಳಿಂದ. ಬಂದು ಆ ಗೀರುಗಳಲ್ಲಿ ಒಂದು ಸುತ್ತು ಉರುಳಿದರೆ ಅಲ್ಲಿಯದೇ ಆಗಿಬಿಡುತ್ತದೆ. ನಿನ್ನನ್ನೇ ನೋಡು.

ನಿನ್ನನ್ನು ನೋಡಿದೆ ಕೂಡ. ಬಣ್ಣ ಹೊಂದುತ್ತದೆಯೇ ಎಂದು ಪರೀಕ್ಷಿಸಲು ನೀನು ಕಳಿಸಿದ್ದ ಚಿತ್ರವನ್ನು ಮೊಬೈಲಿನಲ್ಲಿ ತೆರೆದು ಬಟ್ಟಲಿನ ಪಕ್ಕ ಇಟ್ಟೆ. ನಿನ್ನದು ನನ್ನದಕ್ಕಿಂತ ಗಾಢ. ಇದು ವಿಚಿತ್ರ. ಆ ಕಡೆಯ ತಿಳಿಬಣ್ಣದ ಉಸುಕುಚಿ ಸೋಯಾ ಸಾಸ್‌ನ ಪರಮಭಕ್ತ ನೀನು. ಬಣ್ಣ ಕಡಿಮೆ, ಉಪ್ಪು ಹೆಚ್ಚು, ತರಕಾರಿಯ ಮೈ ಕೆಡುವುದಿಲ್ಲ ಎಂದು ನನ್ನ ತಲೆ ತಿಂದವನು. ನಾನು ಗಾಢವಾದ ಕೊಯಿಕುಚಿ ಹಾಕಿದ್ದೆ. ಲೆಕ್ಕದ ಪ್ರಕಾರ ನನ್ನದೇ ಕಪ್ಪಗಿರಬೇಕಿತ್ತು. ಎಳ್ಳು ಹೆಚ್ಚು ಹುರಿದಿರಬೇಕೆಂದುಕೊಂಡು ಚಿತ್ರವನ್ನು ಹಿಗ್ಗಿಸಿದೆ. ಎಳ್ಳು ಬೆಳ್ಳಗೇ ಇದೆ. ಇನ್ನೂ ಹಿಗ್ಗಿಸಿದೆ. ಮೇಲಿನ ಮೂಲೆಯಲ್ಲಿ ಇನ್ನೊಂದು ಬಟ್ಟಲಿನ ಅಂಚು. ಅದರ ಪಕ್ಕದಲ್ಲಿ ಆ ಕಡೆಯಿಂದ ಎತ್ತಿಕೊಳ್ಳುವಂತೆ ಇಟ್ಟ ಚಾಪ್‌ಸ್ಟಿಕ್‌ಗಳು.

ಆಮೇಲೆ ಹಳೆಯ ಚಿತ್ರಗಳನ್ನೆಲ್ಲ ತೆರೆದೆ. ತೆರೆಯಬಾರದಿತ್ತು ಎಂದು ಬರೆಯುವುದು ಸಭ್ಯತೆ. ಆದರೆ ಒಂದೂ ಬಿಡದೆ ತೆರೆದೆ. ನೂಡಲ್ಸ್ ಚಿತ್ರದಲ್ಲಿ ಎದುರು ಬದಿಯ ನೀರಿನ ಲೋಟ. ತೋಫು ಚಿತ್ರದಲ್ಲಿ ಬೂದು ಬಣ್ಣದ ತೋಳಿನ ತುದಿ, ಗುಂಡಿ ಬಿಚ್ಚಿದ್ದು. ಪ್ರತಿ ಬಾರಿಯೂ ‘ನಿನ್ನ ನೆನಪಾಯಿತು’ ಎಂದು ಬರೆದಿದ್ದೀಯ. ನಾನು ಊಟದ ತಟ್ಟೆಯನ್ನಷ್ಟೇ ನೋಡಿದ್ದೆ.

ನಿಜ ಹೇಳಲೇ? ನೀನು ಅಲ್ಲಿ ಒಂಟಿಯಾಗಿ ಕೂತು ಉಣ್ಣುತ್ತೀಯೆಂದು ನಾನು ನಂಬಿದ್ದೆ. ನಂಬಿದ್ದಷ್ಟೇ ಅಲ್ಲ, ಅದು ನನಗೆ ಬೇಕಾಗಿತ್ತು. ಪಾಪ, ಒಬ್ಬನೇ ಇದ್ದಾನೆ, ಅದಕ್ಕೇ ಚಿತ್ರ ಕಳಿಸುತ್ತಾನೆ ಎಂದುಕೊಂಡು ನಿನಗಾಗಿ ಮರುಗುತ್ತಿದ್ದೆ. ಆ ಮರುಕದಲ್ಲಿ ಒಂದು ಸುಖವಿತ್ತು. ಸುಖವಾಗಿರು ಎಂದು ಪ್ರತಿ ಹುಟ್ಟುಹಬ್ಬಕ್ಕೆ ಹಾರೈಸಿದವನು ನಾನೇ. ನೀನು ಸುಖವಾಗಿರುವುದಕ್ಕೆ ಸಾಕ್ಷಿಯಾಗಿ ಒಂದು ಬಟ್ಟಲಿನ ಅಂಚು ಕಂಡರೆ ಕೈಯಲ್ಲಿದ್ದ ಕೋಲು ಯಾಕೆ ನಿಲ್ಲಬೇಕು? ನನಗೆ ಜನರಿಲ್ಲವೆಂದಲ್ಲ. ಮನೆಯಲ್ಲಿದ್ದಾರೆ, ಕಚೇರಿಯಲ್ಲಿದ್ದಾರೆ, ಕರೆದರೆ ಬರುತ್ತಾರೆ, ಬಡಿಸಿದ್ದನ್ನು ಚೆನ್ನಾಗಿದೆ ಎಂದು ತಿಂದು ಕೈ ತೊಳೆಯುತ್ತಾರೆ. ಎಳ್ಳನ್ನು ಎಷ್ಟು ಅರೆಯಬೇಕೆಂದು ಅರ್ಧ ಗಂಟೆ ಜಗಳವಾಡುವವರು ಮಾತ್ರ ಯಾರೂ ಇಲ್ಲ. ಆ ಜಗಳ ನಿನಗೆ ಅಲ್ಲಿ ದಿನಾ ಸಿಗುತ್ತಿದೆ, ಮತ್ತು ಅದರಲ್ಲಿ ನೀನು ಸೋಲುತ್ತಲೂ ಇದ್ದೀಯ. ನನ್ನೆದುರು ಒಮ್ಮೆಯೂ ಸೋಲದವನು, ಬೇರೆ ಯಾರಿಗೋ ನಿನ್ನ ಡ್ರೆಸ್ಸಿಂಗ್‌ಗೆ ಕೊಯಿಕುಚಿ ಸುರಿಯಲು ಬಿಟ್ಟಿದ್ದೀಯ!

ಸಾಕು. ಇಷ್ಟು ಬರೆಯುವ ಉದ್ದೇಶ ಎಳ್ಳಷ್ಟೂ ಇರಲಿಲ್ಲ. ಅಳಿಸೋಣವೆಂದರೆ ಪತ್ರದಲ್ಲಿ ಬರೀ ಮೇಯನೇಸ್ ಉಳಿಯುತ್ತದೆ. ಉಳಿದ ಓದುಗರು ಮೇಲಿನ ಎರಡು ಪ್ಯಾರಾ ನೋಡಿಲ್ಲವೆಂಬಂತೆ ಮುಖ ಮಾಡಿಕೊಂಡು ಅಳತೆಗೆ ಬನ್ನಿ. ನೀವು ಬಂದದ್ದು ಅದಕ್ಕೇ.

ಬಿಳಿ ಎಳ್ಳು ನಾಲ್ಕು ದೊಡ್ಡ ಚಮಚ, ಹೇಳಿದಂತೆ ಹುರಿದು ಅರೆದದ್ದು. ಅದೇ ಬಟ್ಟಲಿಗೆ ಒಂದು ಚಮಚ ಸಕ್ಕರೆ ಹಾಕಿ ಇನ್ನೆರಡು ಸುತ್ತು ತಿರುಗಿಸಿ, ಅದೂ ನುಣ್ಣಗಾಗಲಿ. ಆಮೇಲೆ ಸೋಯಾ ಸಾಸ್ ಎರಡು ಚಮಚ, ಅಕ್ಕಿಯ ವಿನೆಗರ್ ಎರಡು ಚಮಚ. ಸಕ್ಕರೆ ಕರಗಿದ ಮೇಲೆ ಮೇಯನೇಸ್ ಮೂರು ಚಮಚ, ಒಂದೊಂದಾಗಿ. ಎಲ್ಲವನ್ನೂ ಒಟ್ಟಿಗೆ ಸುರಿದರೆ ಗಂಟು ಒಡೆಯುವುದರಲ್ಲೇ ಸಂಜೆಯಾಗುತ್ತದೆ. ಕೊನೆಗೆ ಹುರಿದೆಳ್ಳಿನ ಎಣ್ಣೆ ಒಂದು ಸಣ್ಣ ಚಮಚ. ಹೆಚ್ಚಾದರೆ ಬೇರೆ ಯಾವ ರುಚಿಯೂ ತಲೆಯೆತ್ತುವುದಿಲ್ಲ. ಗಟ್ಟಿಯೆನಿಸಿದರೆ ನೀರು ಬೇಡ, ಕೊಂಬು ಎಂಬ ಒಣ ಕಡಲಪಾಚಿ ನೆನೆಸಿದ ಸಾರು, ದಾಶಿ, ಒಂದು ಚಮಚ ಹಾಕಿ. ಎಲೆಕೋಸನ್ನು ಕೂದಲೆಳೆಯಷ್ಟು ಸಣ್ಣಗೆ ಹೆಚ್ಚಿ ತಣ್ಣೀರಿನಲ್ಲಿಟ್ಟು, ನೀರನ್ನು ಪೂರ್ತಿ ಬಸಿದು, ಬಡಿಸುವ ಹೊತ್ತಿಗಷ್ಟೇ ಡ್ರೆಸ್ಸಿಂಗ್ ಸುರಿಯಿರಿ. ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟು ಮೂರು ದಿನದೊಳಗೆ ಮುಗಿಸಿ. ಊಟಕ್ಕೆ ಕರೆದವರಿಗೆ ಎಳ್ಳು ಆಗುತ್ತದೆಯೇ ಎಂದು ಮೊದಲೇ ಕೇಳಿ. ಅಲರ್ಜಿ ಇರುವವರಿಗೆ ಇದು ತಮಾಷೆಯಲ್ಲ. ಅಮೆರಿಕದಲ್ಲಿ 2023ರಿಂದ ಪೊಟ್ಟಣದ ಮೇಲೆ ಅದರ ಹೆಸರು ಕಡ್ಡಾಯ.

ಸುರಿಬಾಚಿ ತೊಳೆಯುವ ಬಗೆ ನೀನು ಹೇಳಿಯೇ ಇಲ್ಲ, ದ್ರೋಹಿ. ಪ್ರತಿ ಗೀರಿನಲ್ಲೂ ಎಳ್ಳಿನ ಸಿಪ್ಪೆ ಕೂತಿದೆ. ಹಲ್ಲುಕಡ್ಡಿ ಹಿಡಿದು ಒಂದೊಂದೇ ಕೆರೆಯುತ್ತಾ ನಿನ್ನ ವಂಶವನ್ನೆಲ್ಲ ಸ್ಮರಿಸಿದೆ.

ಇನ್ನೊಂದು ಮಾತು. ಎದುರು ಕೂರುವವರು ಯಾರೇ ಆಗಿರಲಿ, ನನ್ನ ನಮಸ್ಕಾರ ತಿಳಿಸು. ಸೋಯಾ ಸಾಸ್ ವಿಷಯದಲ್ಲಿ ಅವರದೇ ಸರಿ, ಈ ಜಗಳದಲ್ಲಿ ನಾನು ಅವರ ಪಕ್ಷ. ಎಳ್ಳನ್ನು ಅವರು ಎಷ್ಟು ಅರೆಯುತ್ತಾರೆಂದು ಕೇಳಿ ಬರೆ. ಪೂರ್ತಿ ಅರೆಯಬೇಕು ಅಂದರೆ ನಮಸ್ಕಾರ ವಾಪಸ್ಸು.

ನಿನ್ನ,
ಗುಮಾಸ್ತ