ಚೆಕ್ ಭಾಷೆಯಲ್ಲಿ ‘ಇಲ್ಲ’ ಅನ್ನೋದು
ಗೆಳೆಯರೇ, ಶನಿವಾರದ ಪಾಠಕ್ಕೆ ಮುಂಚೆ ಇದೊಂದು ನೋಡಿಕೊಂಡು ಬನ್ನಿ. ಚೆಕ್ ಕ್ರಿಯಾಪದದ ಮುಂದೆ ‘ನೆ’ ಅಂಟಿಸಿದರೆ ಮುಗೀತು. ‘ಮಾಮ್ ಚಸ್’ ಅಂದರೆ ನನಗೆ ಟೈಮ್ ಇದೆ, ‘ನೆಮಾಮ್ ಚಸ್’ ಅಂದರೆ ಇಲ್ಲ. ‘ನೆಮಾಮ್’ ಒಂದೇ ಪದ, ನಡುವೆ ಜಾಗ ಬಿಡಬೇಡಿ. ಉಚ್ಚಾರದ ಒತ್ತೂ ‘ನೆ’ ಮೇಲೇ.

ತರಲೆ ಮಾಡೋದು ‘ಯೆ’, ಅಂದರೆ ಇದೆ. ಅದು ‘ನೆಯೆ’ ಆಗಲ್ಲ, ‘ನೆನೀ’ ಆಗುತ್ತದೆ.

ಇನ್ನೊಂದು. ಎರಡು ‘ಇಲ್ಲ’ ಒಟ್ಟಿಗೆ ಬಂದರೆ ತಪ್ಪು ಅಂತ ಇಂಗ್ಲಿಷ್ ಕ್ಲಾಸಲ್ಲಿ ಬೈಸಿಕೊಂಡಿದ್ದೀವಿ ಅಲ್ವಾ? ಇಲ್ಲಿ ಅದು ಬೇಕೇ ಬೇಕು. ‘ನಿಗ್ಡೊ ನಿತ್ಸ್ ನೆಮಾ’: ಯಾರ ಹತ್ತಿರವೂ ಏನೂ ಇಲ್ಲ. ಮೂರೂ ಪದದಲ್ಲಿ ನಿರಾಕರಣೆ!

ಭೂತಕಾಲದಲ್ಲಿ ‘ನೆಮ್ನ್ಯೆಲ್ ಸೆಮ್ ಚಸ್’, ಅಂದರೆ ನನಗೆ ಟೈಮ್ ಇರಲಿಲ್ಲ. ಹೆಂಗಸರು ‘ನೆಮ್ನ್ಯೆಲಾ’ ಅನ್ನಿ. ‘ಸೆಮ್’ ಬರೀ ಸಹಾಯಕ ಪದ, ಅದಕ್ಕೆ ‘ನೆ’ ಹಚ್ಚಬೇಡಿ. ಶುಕ್ರವಾರದೊಳಗೆ ಒಂದೊಂದು ವಾಕ್ಯ ವಾಯ್ಸ್ ನೋಟ್‌ನಲ್ಲಿ ಹಾಕಿ.